ಗೀಸರ್ ಪದೇ ಪದೇ ನಿಂತು ಪುನಃ ಚಾಲನೆಗೊಳ್ಳುವುದು: ಗೃಹಬಳಕೆ ಗ್ರಾಹಕರಿಗೆ ಮಾಹಿತಿ

ಅನ್ವಯ: ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳ ಗೃಹಬಳಕೆ ಸ್ಥಾವರಗಳು

1. ಪೀಠಿಕೆ

ಶಿರಸಿ ತಾಲ್ಲೂಕಿನ ವಾನಳ್ಳಿ ಮುಂತಾದ ಮಲೆನಾಡಿನ ಗ್ರಾಮಗಳಲ್ಲಿ ಸ್ನಾನದ ನೀರನ್ನು ಬಚ್ಚಲ ಒಲೆಯ ಹಂಡೆಯಲ್ಲಿ ಕಾಯಿಸುವ ರೂಢಿ ಇಂದಿಗೂ ಇದೆ. ಇದರ ಜೊತೆಗೆ ವಿದ್ಯುತ್ ಅಥವಾ ಗ್ಯಾಸ್ ಗೀಸರ್ ಅಳವಡಿಸಿಕೊಂಡ ಮನೆಗಳೂ ಇವೆ. ಸೌದೆ ಒದ್ದೆಯಾಗುವ ಮಳೆಗಾಲದಲ್ಲಿ ಗೀಸರ್ ಬಳಕೆ ಹೆಚ್ಚುತ್ತದೆ. ಅದು ನಡುವೆ ನಿಂತು ಪುನಃ ಚಾಲನೆಗೊಳ್ಳುವ ತೊಂದರೆಯೂ ಆಗಲೇ ಗಮನಕ್ಕೆ ಬರುತ್ತದೆ.

ಹೀಗೆ ನಿಲ್ಲುವುದು ಕೆಲವೊಮ್ಮೆ ಉಪಕರಣದ ಸಹಜ ಕಾರ್ಯವಾಗಿರುತ್ತದೆ, ಕೆಲವೊಮ್ಮೆ ಪ್ರಾಣಾಪಾಯದ ಮುನ್ಸೂಚನೆಯಾಗಿರುತ್ತದೆ. ಆದುದರಿಂದ ಯಾವ ರಕ್ಷಣಾ ಸಾಧನವು ಗೀಸರನ್ನು ನಿಲ್ಲಿಸಿತು ಎಂಬುದನ್ನು ಗುರುತಿಸಿದ ನಂತರವೇ ಅದನ್ನು ಪುನಃ ಚಾಲನೆ ಮಾಡತಕ್ಕದ್ದು.

2. ಸಹಜವಾದ ನಿಲುಗಡೆ

ಶೇಖರಣಾ ಮಾದರಿಯ ಗೀಸರಿನಲ್ಲಿ ನೀರು ನಿಗದಿತ ಉಷ್ಣತೆಗೆ, ಸಾಮಾನ್ಯವಾಗಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ, ತಲುಪಿದಾಗ ಥರ್ಮೋಸ್ಟಾಟ್ ವಿದ್ಯುತ್ತನ್ನು ಕಡಿತಗೊಳಿಸುತ್ತದೆ. ನೀರು ತಣ್ಣಗಾದಂತೆ ಪುನಃ ಸಂಪರ್ಕ ನೀಡುತ್ತದೆ. ಆಗ ಸೂಚಕ ದೀಪವು ಆರಿ ಹೊತ್ತುತ್ತಿರುತ್ತದೆ. 15 ಲೀಟರ್, 2,000 ವ್ಯಾಟ್ ಗೀಸರ್ 20 ಡಿಗ್ರಿಯ ನೀರನ್ನು 60 ಡಿಗ್ರಿಗೆ ಕಾಯಿಸಲು ಸುಮಾರು 20ರಿಂದ 25 ನಿಮಿಷ ತೆಗೆದುಕೊಳ್ಳುತ್ತದೆ. ಅನಂತರ ದೀಪ ಆರಿದಲ್ಲಿ ಅದು ದೋಷವಲ್ಲ. 3 ಲೀಟರಿನ ಸಣ್ಣ ಗೀಸರುಗಳಲ್ಲಿ ಈ ಕ್ರಿಯೆ ಕೆಲವೇ ನಿಮಿಷಗಳಿಗೊಮ್ಮೆ ನಡೆಯುತ್ತದೆ.

3. ದೋಷವನ್ನು ಗುರುತಿಸುವ ಕ್ರಮ

(ಅ) ನೀರು ಸಾಕಷ್ಟು ಬಿಸಿಯಾಗುವ ಮೊದಲೇ ದೀಪ ಆರುವುದು: ಥರ್ಮೋಸ್ಟಾಟ್ ಕೆಟ್ಟಿರಬಹುದು ಅಥವಾ ಕಾಯಿಸುವ ಸುರುಳಿಯ ಮೇಲೆ ಪದರ ಕಟ್ಟಿರಬಹುದು. ಅಬ್ಬಿ ನೀರನ್ನು ಕೊಳವೆಯ ಮೂಲಕ ತಂದು ಬಳಸುವ ಮನೆಗಳಲ್ಲಿ ಮಳೆಗಾಲದ ಕೆಸರು ತೊಟ್ಟಿಯ ತಳದಲ್ಲಿ ನಿಲ್ಲುತ್ತದೆ. ಕೊಳವೆಬಾವಿಯ ಗಡಸು ನೀರಿನಿಂದ ಸುಣ್ಣದ ಪದರ ಕಟ್ಟುತ್ತದೆ. ನೀರು ಒಳಬರುವ ಕೊಳವೆಗೆ ಜಾಲರಿ ಅಳವಡಿಸಿ, ತಂತ್ರಜ್ಞರಿಂದ ವರ್ಷಕ್ಕೊಮ್ಮೆ ತೊಟ್ಟಿಯನ್ನು ಶುದ್ಧಗೊಳಿಸುವುದು ಸೂಕ್ತ.

(ಆ) ಗೀಸರ್ ನಿಂತು, ನೀರು ತಣ್ಣಗಾದರೂ ಚಾಲನೆಗೊಳ್ಳದಿರುವುದು: ಥರ್ಮೋಸ್ಟಾಟ್ ವಿಫಲವಾಗಿ ನೀರು ವಿಪರೀತ ಕಾದಾಗ ಉಷ್ಣ ರಕ್ಷಕವು ವಿದ್ಯುತ್ತನ್ನು ಕಡಿತಗೊಳಿಸುತ್ತದೆ. ಕಾರಣವನ್ನು ಸರಿಪಡಿಸದೆ ಅದರ ಗುಂಡಿಯನ್ನು ಒತ್ತಿ ಮುಂದುವರಿಸಬಾರದು.

(ಇ) ಎಂ.ಸಿ.ಬಿ. ಬೀಳುವುದು: ಇದು ಅಧಿಕ ಭಾರ ಅಥವಾ ಶಾರ್ಟ್ ಸರ್ಕ್ಯೂಟಿನ ಸೂಚನೆ. 2,000 ವ್ಯಾಟ್ ಗೀಸರ್ ಸುಮಾರು 9 ಆಂಪಿಯರ್, 3,000 ವ್ಯಾಟ್ ಗೀಸರ್ ಸುಮಾರು 13 ಆಂಪಿಯರ್ ವಿದ್ಯುತ್ ಸೆಳೆಯುತ್ತದೆ. ಆದುದರಿಂದ 6 ಆಂಪಿಯರ್ ಪ್ಲಗ್ ಇದಕ್ಕೆ ಸಲ್ಲದು. 16 ಆಂಪಿಯರ್ ಪ್ಲಗ್ ಹಾಗೂ ಕನಿಷ್ಠ 2.5 ಚದರ ಮಿ.ಮೀ. ತಾಮ್ರದ ತಂತಿಯ ಪ್ರತ್ಯೇಕ ಮಾರ್ಗ ಇರತಕ್ಕದ್ದು. ಪ್ಲಗ್ ಬಿಸಿಯಾಗುತ್ತಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಬಳಕೆಯನ್ನು ಕೂಡಲೇ ನಿಲ್ಲಿಸತಕ್ಕದ್ದು.

(ಈ) ಆರ್.ಸಿ.ಸಿ.ಬಿ. ಬೀಳುವುದು: ಇದು ಎಲ್ಲಕ್ಕಿಂತ ಗಂಭೀರವಾದುದು. ಉಪಕರಣದಿಂದ ವಿದ್ಯುತ್ ಸೋರಿ ಭೂಮಿಗೆ ಹರಿಯುತ್ತಿದೆ ಎಂಬುದು ಇದರ ಅರ್ಥ. ಮನುಷ್ಯರ ರಕ್ಷಣೆಗಾಗಿ 30 ಮಿಲಿಆಂಪಿಯರ್ ಸಾಮರ್ಥ್ಯದ ಸಾಧನವನ್ನೇ ಅಳವಡಿಸಬೇಕು. ಗೀಸರಿನ ಪ್ಲಗ್ ಕಿತ್ತು ಒಮ್ಮೆ ಮಾತ್ರ ಸ್ವಿಚ್ ಮೇಲೆತ್ತಿ ನೋಡಬಹುದು. ಆಗ ನಿಂತರೆ ದೋಷ ಗೀಸರಿನಲ್ಲಿದೆ. ಆಗಲೂ ಬಿದ್ದರೆ ದೋಷ ಮನೆಯ ವೈರಿಂಗಿನಲ್ಲಿ ಅಥವಾ ಬೇರೆ ಉಪಕರಣದಲ್ಲಿದೆ. ಹಂಡೆಯನ್ನೇ ನೆಚ್ಚಿ ತಿಂಗಳುಗಟ್ಟಲೆ ಬಳಸದೆ ಬಿಟ್ಟ ಗೀಸರಿನ ಸುರುಳಿಯೊಳಕ್ಕೆ ತೇವ ಸೇರಿಕೊಂಡು ಹೀಗಾಗುವುದುಂಟು. ಇದನ್ನು ತಂತ್ರಜ್ಞರಿಂದ ಪರೀಕ್ಷಿಸಿಯೇ ಬಳಸತಕ್ಕದ್ದು.

4. ವೋಲ್ಟೇಜಿಗೆ ಸಂಬಂಧಿಸಿದ ತೊಂದರೆ

ಗೃಹಬಳಕೆಯ ಪೂರೈಕೆ 230 ವೋಲ್ಟ್. ವೋಲ್ಟೇಜ್ ಕಡಿಮೆಯಾದಾಗ ಸಾಧಾರಣ ಗೀಸರ್ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. 180 ವೋಲ್ಟಿನಲ್ಲಿ 2,000 ವ್ಯಾಟ್ ಗೀಸರಿನ ಸಾಮರ್ಥ್ಯ ಸುಮಾರು 1,225 ವ್ಯಾಟಿಗೆ ಇಳಿದು, 20 ನಿಮಿಷದ ಕೆಲಸಕ್ಕೆ ಅರ್ಧ ಗಂಟೆಗೂ ಹೆಚ್ಚು ಕಾಲ ಬೇಕಾಗುತ್ತದೆ. ಆದರೆ ಸ್ಟೆಬಿಲೈಜರ್ ಅಥವಾ ವೋಲ್ಟೇಜ್ ರಕ್ಷಕ ಅಳವಡಿಸಿದ್ದಲ್ಲಿ ಅದು ಗೀಸರನ್ನು ಪದೇ ಪದೇ ನಿಲ್ಲಿಸಬಹುದು.

ಗೀಸರ್ ಹಾಕಿದೊಡನೆ ಮನೆಯ ದೀಪಗಳೆಲ್ಲ ಮಂಕಾಗಿ ಮಿನುಗಿದರೆ ಅಥವಾ ಕೆಲವು ದೀಪಗಳು ವಿಪರೀತ ಪ್ರಕಾಶಮಾನವಾದರೆ, ಕಂಬದಿಂದ ಬರುವ ಸರ್ವೀಸ್ ತಂತಿಯ ಅಥವಾ ನ್ಯೂಟ್ರಲ್ ಜೋಡಣೆ ಸಡಿಲವಾಗಿರುವ ಸಂಭವವಿದೆ. ಕಾಡಿನ ನಡುವೆ ಸಾಗುವ ಮಾರ್ಗಗಳಲ್ಲಿ ಕೊಂಬೆಗಳು ತಂತಿಗೆ ತಾಗುವುದರಿಂದಲೂ ಪೂರೈಕೆ ಏರುಪೇರಾಗುತ್ತದೆ. ಅಕ್ಕಪಕ್ಕದ ಮನೆಗಳಲ್ಲೂ ಇದೇ ತೊಂದರೆ ಇದೆಯೇ ಎಂದು ವಿಚಾರಿಸಿ, ದಿನಾಂಕ ಹಾಗೂ ಸಮಯವನ್ನು ಬರೆದಿಟ್ಟುಕೊಂಡು ದೂರು ನೀಡತಕ್ಕದ್ದು. ಗ್ರಾಹಕರು ಸ್ವತಃ ಕಂಬ ಹತ್ತುವುದಾಗಲಿ, ತಂತಿಗೆ ತಾಗಿದ ಕೊಂಬೆ ಕಡಿಯುವುದಾಗಲಿ ಕೂಡದು.

5. ಗ್ಯಾಸ್ ಗೀಸರ್

ನೀರಿನ ಒತ್ತಡ ಕಡಿಮೆಯಾದಾಗ ಗ್ಯಾಸ್ ಗೀಸರಿನ ಉರಿ ತಾನಾಗಿಯೇ ಆರುತ್ತದೆ. ನೀರಿನ ತೊಟ್ಟಿ ಎತ್ತರದಲ್ಲಿ ಇಲ್ಲದಿರುವುದು, ಜಾಲರಿಯಲ್ಲಿ ಕಸ ಕಟ್ಟಿರುವುದು, ಬ್ಯಾಟರಿ ದುರ್ಬಲವಾಗಿರುವುದು ಹಾಗೂ ಸಿಲಿಂಡರ್ ಖಾಲಿಯಾಗುತ್ತಿರುವುದು ಇದರ ಸಾಮಾನ್ಯ ಕಾರಣಗಳು. ಕೆಲವು ಮಾದರಿಗಳು ನಿಗದಿತ ಅವಧಿಯ ನಂತರ ಸುರಕ್ಷತೆಗಾಗಿ ತಾವೇ ನಿಲ್ಲುತ್ತವೆ.

ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಉರಿದಾಗ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಇಂಗಾಲದ ಮಾನಾಕ್ಸೈಡ್ ಉತ್ಪತ್ತಿಯಾಗಿ, ಸ್ನಾನ ಮಾಡುತ್ತಿರುವವರು ಪ್ರಜ್ಞೆ ತಪ್ಪಿ ಸಾವನ್ನಪ್ಪಬಹುದು. ಚಳಿಗಾಗಿ ಕಿಟಕಿ ಮುಚ್ಚುವುದು ಅಪಾಯವನ್ನು ಹೆಚ್ಚಿಸುತ್ತದೆ. ಗೀಸರನ್ನು ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಸ್ಥಳದಲ್ಲಿ ಅಳವಡಿಸತಕ್ಕದ್ದು. ತಲೆನೋವು, ತಲೆಸುತ್ತು ಅಥವಾ ವಾಕರಿಕೆ ಕಂಡುಬಂದಲ್ಲಿ ತಕ್ಷಣ ಹೊರಬಂದು 108ಕ್ಕೆ ಕರೆ ಮಾಡತಕ್ಕದ್ದು. ಗ್ಯಾಸ್ ಸೋರಿಕೆಯ ತುರ್ತು ದೂರವಾಣಿ ಸಂಖ್ಯೆ: 1906.

6. ಮಾಡಬಾರದ ಕಾರ್ಯಗಳು

- ಬೀಳುವ ಆರ್.ಸಿ.ಸಿ.ಬಿ.ಯನ್ನು ತಪ್ಪಿಸಿ ನೇರ ತಂತಿ ಜೋಡಿಸುವುದು.
- ಎಂ.ಸಿ.ಬಿ. ಬದಲಿಗೆ ಹೆಚ್ಚಿನ ಸಾಮರ್ಥ್ಯದ್ದನ್ನು ಹಾಕುವುದು ಅಥವಾ ಫ್ಯೂಸಿಗೆ ದಪ್ಪ ತಂತಿ ಕಟ್ಟುವುದು.
- ಅರ್ಥಿಂಗ್ ಇಲ್ಲದೆ ಗೀಸರ್ ಬಳಸುವುದು.
- ಹನಿ ಬೀಳುತ್ತದೆಂದು ಒತ್ತಡ ನಿಯಂತ್ರಣ ಕವಾಟವನ್ನು ಮುಚ್ಚುವುದು. ಇದರಿಂದ ತೊಟ್ಟಿ ಸಿಡಿಯಬಹುದು.
- ಗುಡುಗು ಸಿಡಿಲಿನ ಸಮಯದಲ್ಲಿ ಗೀಸರ್ ಬಳಸುವುದು.

7. ದೂರು ಹಾಗೂ ಅರ್ಜಿ ಸಲ್ಲಿಸುವ ವಿಧಾನ

ಮೀಟರಿನವರೆಗಿನ ತಂತಿ ಮತ್ತು ಪೂರೈಕೆಯ ದೋಷಗಳಿಗೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ಸಹಾಯವಾಣಿ 1912ಕ್ಕೆ ಕರೆ ಮಾಡಿ ಅಥವಾ ಸಂಬಂಧಪಟ್ಟ ಶಾಖಾ ಕಚೇರಿಯಲ್ಲಿ ದೂರು ದಾಖಲಿಸಬಹುದು. ಆರ್.ಆರ್. ಸಂಖ್ಯೆ ತಿಳಿಸಿ ದೂರಿನ ಸಂಖ್ಯೆಯನ್ನು ಪಡೆದುಕೊಳ್ಳತಕ್ಕದ್ದು. ಮೀಟರಿನ ನಂತರದ ವೈರಿಂಗ್ ಗ್ರಾಹಕರ ಜವಾಬ್ದಾರಿಯಾಗಿದ್ದು, ಅದನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಸರಿಪಡಿಸಿಕೊಳ್ಳತಕ್ಕದ್ದು.

ಹೊಸದಾಗಿ ಗೀಸರ್ ಅಳವಡಿಸುವವರು ಬಿಲ್ಲಿನಲ್ಲಿ ನಮೂದಾದ ಮಂಜೂರಾದ ಭಾರವನ್ನು ಪರಿಶೀಲಿಸತಕ್ಕದ್ದು. ಅದು ಸಾಲದಿದ್ದಲ್ಲಿ ಹೆಚ್ಚುವರಿ ಭಾರಕ್ಕಾಗಿ ಉಪವಿಭಾಗ ಕಚೇರಿಗೆ ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು. ಅರ್ಜಿಯೊಂದಿಗೆ ಇತ್ತೀಚಿನ ಬಿಲ್ಲಿನ ಪ್ರತಿ ಹಾಗೂ ಗುರುತಿನ ದಾಖಲೆಯನ್ನು ಇಟ್ಟುಕೊಂಡಿರುವುದು ಒಳಿತು. 2,000 ವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್ ಬಳಕೆಯಾಗುತ್ತದೆ ಎಂಬುದನ್ನೂ ಗಮನಿಸತಕ್ಕದ್ದು.

ಖಾತರಿ ಅವಧಿಯಲ್ಲಿರುವ ಉಪಕರಣದ ಬಗ್ಗೆ ಮಾರಾಟಗಾರರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಪೂರೈಕೆಯ ಕುರಿತ ದೂರು ಇತ್ಯರ್ಥವಾಗದಿದ್ದಲ್ಲಿ ವಿದ್ಯುಚ್ಛಕ್ತಿ ಅಧಿನಿಯಮ, 2003ರ ಕಲಂ 42ರ ಅನ್ವಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ, ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ ವಿದ್ಯುತ್ ಓಂಬುಡ್ಸ್‌ಮನ್ ಅವರಿಗೆ ಮನವಿ ಸಲ್ಲಿಸುವ ಹಕ್ಕು ಗ್ರಾಹಕರಿಗಿದೆ.

ವಿ.ಸೂ.: ಗೀಸರಿನ ನೀರು ಅಥವಾ ನಲ್ಲಿ ಮುಟ್ಟಿದಾಗ ಜುಮ್ಮೆನಿಸಿದರೂ ಅದನ್ನು ಅಲಕ್ಷಿಸದೆ, ಒಣಗಿದ ಕೈಯಿಂದ ಮುಖ್ಯ ಸ್ವಿಚ್ ಆರಿಸಿ, ದುರಸ್ತಿಯಾಗುವವರೆಗೆ ಗೀಸರ್ ಬಳಸದಿರಲು ಕೋರಲಾಗಿದೆ.