ಹಾಗ್, ಆಲ್‌ಫ್ರೆಡ್ ಜಾರ್ಜ್
1875-1954. ಈಜಿಪ್ಟಿನಲ್ಲಿ ಹುಟ್ಟಿದ ಸ್ಕಾಟಿಷ್ ತತ್ತ್ವಶಾಸ್ತ್ರಜ್ಞ, ಮಿಷನರಿ. ಎಡಿನ್‌ಬರೋದಲ್ಲಿ ಓದಿ, 1903ರಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿಗೆ ಬಂದ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ (1918-21) ಪ್ರಾಧ್ಯಾಪಕರಾದ ಎಸ್. ರಾಧಾಕೃಷ್ಣನ್ ಈತನ ಶಿಷ್ಯರು. ವೇದಾಂತದ ನೀತಿಯನ್ನು ಕುರಿತ ಅವರ ವಿದ್ಯಾರ್ಥಿದೆಸೆಯ ಪ್ರಬಂಧವನ್ನು ಹಾಗ್ ಮೆಚ್ಚಿಕೊಂಡಿದ್ದ. ಕರ್ಮ ಅಂಡ್ ರಿಡೆಂಪ್ಷನ್ (1909) ಈತನ ಮುಖ್ಯ ಕೃತಿ. ಕರ್ಮಸಿದ್ಧಾಂತವನ್ನು ಹಳಿಯದೆ, ಅದರ ನೈತಿಕ ತರ್ಕವನ್ನು ಗಂಭೀರವಾಗಿ ಪರಿಗಣಿಸಿ ಕ್ರೈಸ್ತ ವಿಮೋಚನೆಯ ಕಲ್ಪನೆಯೊಡನೆ ಹೋಲಿಸುವುದು ಅದರ ವಿಶೇಷ.

1928ರಿಂದ 1938ರವರೆಗೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಪ್ರಾಂಶುಪಾಲ. ಈ ಅವಧಿಯಲ್ಲೇ, 1937ರಲ್ಲಿ, ಕಾಲೇಜು ಜಾರ್ಜ್ ಟೌನಿನಿಂದ ತಾಂಬರಂಗೆ ಸ್ಥಳಾಂತರಗೊಂಡಿತು. 1938ರ ಡಿಸೆಂಬರಿನಲ್ಲಿ ಅಲ್ಲಿ ನಡೆದ ಅಂತಾರಾಷ್ಟ್ರೀಯ ಮಿಷನರಿ ಸಮ್ಮೇಳನದಲ್ಲಿ ಡಚ್ ವಿದ್ವಾಂಸ ಹೆಂಡ್ರಿಕ್ ಕ್ರೇಮರನ ನಿಲುವನ್ನು ವಿರೋಧಿಸಿದ ಹಾಗ್, ಕ್ರೈಸ್ತೇತರರಲ್ಲೂ ನಿಜವಾದ ದೈವಶ್ರದ್ಧೆ ಇರಬಲ್ಲದೆಂದು ವಾದಿಸಿದ.