ಫಸಲಿ 1329ರ ಕಾಯ್ದೆ ಮತ್ತು ಹಾರ್ವೆ ಮಿಲ್ಕ್ ಅವರ ವಾರ್ಡು

ಹೆಂಗಸರ ಉಡುಗೆ ತೊಟ್ಟು ಬೀದಿಗೆ ಬಂದರೆ ಎರಡು ವರ್ಷದವರೆಗೆ ಸೆರೆ. ಬೀದಿಯಲ್ಲಿ ಕುಣಿದರೂ, ವಾದ್ಯ ನುಡಿಸಿದರೂ ಅದೇ ಶಿಕ್ಷೆ. ಹಿಡಿದು ಒಯ್ಯಲು ವಾರಂಟ್ ಬೇಕಿಲ್ಲ. ಹೈದರಾಬಾದ್ ಸಂಸ್ಥಾನವು ಫಸಲಿ 1329ರಲ್ಲಿ, ಅಂದರೆ 1919ರಲ್ಲಿ, ಹಿಜ್ರಾಗಳನ್ನು ಕುರಿತು ತಂದ ಕಾಯ್ದೆಯ ಮಾತಿದು. ಮೊದಲು ಅವರ ಹೆಸರು, ವಾಸದ ಜಾಗ ಬರೆದಿಡುವ ಒಂದು ರಿಜಿಸ್ಟರು. ಅದರಲ್ಲಿ ಸೇರಲು ಅಪರಾಧ ಸಾಬೀತಾಗಬೇಕಿರಲಿಲ್ಲ, ಗುಮಾನಿ ಸಾಕಿತ್ತು. ರಿಜಿಸ್ಟರಿನಲ್ಲಿ ಹೆಸರು ಬಿತ್ತೆಂದರೆ ಸೀರೆ, ಬಳೆ, ಹಾಡು, ಕುಣಿತ ಎಲ್ಲವೂ ಅಪರಾಧ. ಹೈದರಾಬಾದ್ ಶಹರಕ್ಕೆಂದು ಶುರುವಾದ ಆ ಪಟ್ಟಿಯನ್ನು ಸರ್ಕಾರ ಮನಸ್ಸು ಮಾಡಿದರೆ ಸಂಸ್ಥಾನದ ಯಾವ ಊರಿಗಾದರೂ ವಿಸ್ತರಿಸಬಹುದಿತ್ತು. ರಾಯಚೂರು ಆಗ ನಿಜಾಮರ ಜಿಲ್ಲೆ. ದೇವದುರ್ಗ, ಮಾನ್ವಿಯ ಜನ ಅದೇ ಸರ್ಕಾರದ ಪ್ರಜೆಗಳು.

ರಾಯಚೂರಿನ ಕೋರ್ಟಿನಲ್ಲಿ ನಾನು ಯಾರ ಕೈಕೆಳಗೆ ವಕೀಲಿ ಕಲಿತೆನೋ ಅವರು ಉರ್ದುವಿನಲ್ಲಿ ಕಾನೂನು ಓದಿದ್ದ ಹಿರಿಯರು. ಈ ಕಾಯ್ದೆಯ ಬಗ್ಗೆ ಮೊದಲು ಹೇಳಿದವರು ಅವರೇ. ಇಂಗ್ಲಿಷರು 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೇ ಭಾಗದಲ್ಲಿ ಉತ್ತರದ ಹಿಜ್ರಾಗಳಿಗೆ ಹಾಕಿದ್ದ ಬೇಲಿಯನ್ನೇ ಹೈದರಾಬಾದಿನವರೂ ತಂದು ನೆಟ್ಟರು ಎಂದು ವಿವರಿಸುತ್ತಿದ್ದರು. ನನಗಾಗ ಸಿಟ್ಟಿಗಿಂತ ಅಚ್ಚರಿ ಹೆಚ್ಚಾಗಿತ್ತು. ಯಾಕೆಂದರೆ ನನ್ನೂರು ದೇವದುರ್ಗ ತಾಲ್ಲೂಕಿನ ಹಳ್ಳಿ. ಅಲ್ಲಿ ಮಂಗಳವಾರ, ಶುಕ್ರವಾರ ಜೋಗಪ್ಪ ಬಂದು ಬಾಗಿಲಲ್ಲಿ ನಿಂತರೆ ನಮ್ಮವ್ವ ಮೊರ ತುಂಬ ಜೋಳ ತಂದು ಪಡ್ಡಲಗಿಗೆ ಹಾಕಿ, ಹಣೆಗೆ ಭಂಡಾರ ಹಚ್ಚಿಸಿಕೊಂಡು, ಕಾಲಿಗೆ ಬೀಳುತ್ತಿದ್ದಳು. ನಮ್ಮ ಪಾಲಿಗೆ ಆತ ಯಲ್ಲಮ್ಮನ ಮನುಷ್ಯ.

ನಮ್ಮ ಕಡೆ ಹುಡುಗನೊಬ್ಬ ಹೆಣ್ಣಿನ ಹಾಗೆ ನಡೆಯತೊಡಗಿದರೆ, ಅಕ್ಕತಂಗಿಯರ ಸೀರೆ ಉಡತೊಡಗಿದರೆ, ಜನ 'ಅವ್ವ ಕಾಡಾಕತ್ಯಾಳ' ಅನ್ನುತ್ತಿದ್ದರು. ಅವ್ವ ಅಂದರೆ ಯಲ್ಲಮ್ಮ. ಮನೆಯವರು ಹೊಡೆಯುತ್ತಿದ್ದರು, ಕಟ್ಟಿಹಾಕುತ್ತಿದ್ದರು. ಯಾವುದೂ ನಡೆಯದಾಗ ಹುಲಿಗಿಗೆ ಕರೆದೊಯ್ಯುತ್ತಿದ್ದರು. ತುಂಗಭದ್ರೆಯ ದಡದ ಹುಲಿಗೆಮ್ಮನ ಆ ಊರು ಈಗ ಕೊಪ್ಪಳ ಜಿಲ್ಲೆಗೆ ಸೇರಿದ್ದರೂ, 1997ರವರೆಗೆ ಅದು ರಾಯಚೂರು ಜಿಲ್ಲೆಯೇ. ಅಲ್ಲಿ ಇಲ್ಲವೇ ಸವದತ್ತಿಯಲ್ಲಿ ಕೊರಳಿಗೆ ಮುತ್ತು ಕಟ್ಟಿಸಿಕೊಂಡ ಮೇಲೆ ಹುಡುಗ ಜೋಗಪ್ಪನಾದ. ಇನ್ನು ಸೀರೆ ಉಟ್ಟರೆ ಬಯ್ಯುವವರಿಲ್ಲ. ಆದರೆ ಮನೆಯಲ್ಲಿ ಪಾಲೂ ಇಲ್ಲ, ಮದುವೆಯೂ ಇಲ್ಲ. ಬದುಕು ಚೌಡಿಕೆಯ ಮೇಲೆ.

ಚೌಡಿಕೆಯನ್ನು ಹತ್ತಿರದಿಂದ ನೋಡದವರಿಗೆ ಹೇಳಬೇಕು. ಟೊಳ್ಳು ಮರದ ಕೊಳಗ, ತಳಕ್ಕೆ ಬಿಗಿದ ಚರ್ಮ, ಚರ್ಮದ ನಡುವಿನಿಂದ ಮೇಲಕ್ಕೆ ಎಳೆದ ಒಂದೇ ಒಂದು ತಂತಿ. ಕಂಕುಳಲ್ಲಿ ಇರುಕಿಕೊಂಡು ಸಣ್ಣ ಕಡ್ಡಿಯಿಂದ ಮೀಟಬೇಕು. ತಂತಿಯನ್ನು ಎಳೆದು ಸಡಿಲಿಸಿದ ಹಾಗೆ ನಾದ ಏರುತ್ತದೆ, ಇಳಿಯುತ್ತದೆ. ಜೊತೆಗೊಂದು ಶ್ರುತಿ, ಒಂದು ತಾಳ, ತಲೆಯ ಮೇಲೆ ಕೈಬಿಟ್ಟು ಕುಣಿಯುವ ಕೊಡ. ರೇಣುಕೆ ಯಲ್ಲಮ್ಮನ ಕಥೆಯನ್ನು ಇಡೀ ರಾತ್ರಿ ಹಾಡಬಲ್ಲವರು ಇದ್ದರು. ಫಸಲಿ 1329ರ ಕಾಯ್ದೆ ಅಪರಾಧ ಎಂದು ಬರೆದ ಕೆಲಸಗಳನ್ನೇ ಇವರು ನಮ್ಮೂರ ಅಗಸಿಯಲ್ಲಿ ದೇವರ ಸೇವೆಯೆಂದು ಮಾಡುತ್ತಿದ್ದರು.

ಇದೇ ಮಣ್ಣಿನಲ್ಲಿ ಹಾಡಿ ಭಿಕ್ಷೆ ಬೇಡುವುದಕ್ಕೆ ಇನ್ನೊಂದು ಚರಿತ್ರೆಯೂ ಇದೆ. ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು. ಗೋಪಾಲದಾಸರು ನಮ್ಮ ದೇವದುರ್ಗದ ಮೊಸರಕಲ್ಲಿನವರು. ಜಗನ್ನಾಥದಾಸರು 1809ರಲ್ಲಿ ದೇಹ ಬಿಟ್ಟದ್ದು ಮಾನ್ವಿಯಲ್ಲಿ. ತಂಬೂರಿ ಹಿಡಿದು ಕಾಲಿಗೆ ಗೆಜ್ಜೆ ಕಟ್ಟಿ ಮನೆಮನೆಗೆ ಹಾಡಿಕೊಂಡು ಹೋಗುವುದು ದಾಸದೀಕ್ಷೆಯ ಭಾಗ. ಅವರಿಗೆ ಕಟ್ಟೆ, ಆರಾಧನೆ, ಹೆಸರಿನ ಬೀದಿ ಎಲ್ಲವೂ ಸಿಕ್ಕಿತು, ಸಿಗಬೇಕಾದದ್ದೇ. ಅದೇ ಓಣಿಗಳಲ್ಲಿ ಚೌಡಿಕೆ ಹಿಡಿದು ಹಾಡಿದವರಿಗೆ ಹೆಸರೂ ಉಳಿಯಲಿಲ್ಲ. ಅವರ ಹೆಸರು ಬರೆದಿಡಬೇಕೆಂದು ಯಾರಿಗಾದರೂ ಅನ್ನಿಸಿದ್ದರೆ ಅದು ಸರ್ಕಾರಕ್ಕೆ, ಅದೂ ಪೊಲೀಸ್ ರಿಜಿಸ್ಟರಿನಲ್ಲಿ.

ಲೈಂಗಿಕ ಅಲ್ಪಸಂಖ್ಯಾತರ ಹಕ್ಕಿಗಾಗಿ ಅಮೆರಿಕದಲ್ಲಿ ಹೋರಾಡಿದ ಹಾರ್ವೆ ಮಿಲ್ಕ್ ಅವರ ಹೆಸರು ನನಗೆ ಸಿಕ್ಕಿದ್ದು 2009ರಲ್ಲಿ. ಸಲಿಂಗ ಪ್ರೇಮವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮು ವಯಸ್ಕರ ಒಪ್ಪಿತ ಸಂಬಂಧಕ್ಕೆ ಅನ್ವಯಿಸದು ಎಂದು ದೆಹಲಿ ಹೈಕೋರ್ಟ್ ಆ ವರ್ಷ ಜುಲೈ 2ರಂದು ಹೇಳಿತು. ತೀರ್ಪಿನ ಬೆನ್ನು ಹತ್ತಿ ಓದುತ್ತಾ ಹೋದಾಗ ಅವರ ಕಥೆ ಎದುರಾಯಿತು. ಆಮೇಲೆ ಆ ಮನುಷ್ಯ ನನ್ನನ್ನು ಬಿಟ್ಟಿಲ್ಲ.

ನ್ಯೂಯಾರ್ಕ್ ಸಮೀಪ 1930ರಲ್ಲಿ ಹುಟ್ಟಿದ ಮಿಲ್ಕ್ 1972ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು, ಮರುವರ್ಷ ಕ್ಯಾಸ್ಟ್ರೊ ಬೀದಿಯಲ್ಲಿ ಕ್ಯಾಮೆರಾ ಅಂಗಡಿ ತೆರೆದರು. ತಾನು ಸಲಿಂಗಿ ಎಂಬುದನ್ನು ಮುಚ್ಚಿಡದೆ ನಗರದ ಆಡಳಿತ ಮಂಡಳಿಯ ಚುನಾವಣೆಗೆ ನಿಂತರು. 1973ರಲ್ಲಿ ಸೋತರು, 1975ರಲ್ಲಿ ಸೋತರು, 1976ರಲ್ಲಿ ರಾಜ್ಯದ ಶಾಸನಸಭೆಗೆ ನಿಂತು ಅಲ್ಲೂ ಸೋತರು. 1977ರ ನವೆಂಬರಿನಲ್ಲಿ ಗೆದ್ದರು. ಗೆಲುವಿನ ಹಿಂದಿನ ಕಾರಣವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಅದುವರೆಗೆ ಆ ಊರಿನ ಆಡಳಿತ ಮಂಡಳಿಯ ಹನ್ನೊಂದು ಮಂದಿಯನ್ನು ಇಡೀ ನಗರ ಸೇರಿ ಆರಿಸುತ್ತಿತ್ತು. ದುಡ್ಡಿದ್ದವರು, ದೊಡ್ಡ ಹೆಸರಿನವರು ಗೆಲ್ಲುತ್ತಿದ್ದರು. 1977ರಲ್ಲಿ ವಾರ್ಡುವಾರು ಚುನಾವಣೆ ಬಂತು. ಓಣಿಯವರು ಓಣಿಯವನನ್ನು ಆರಿಸಿದರು. ನಮ್ಮ ನಗರಸಭೆ, ಪುರಸಭೆಗಳ ರಾಜಕೀಯ ಬಲ್ಲವರಿಗೆ ಇದರ ತೂಕ ತಟ್ಟನೆ ತಿಳಿಯುತ್ತದೆ.

ಹನ್ನೊಂದೇ ತಿಂಗಳು ಅವರು ಕುರ್ಚಿಯಲ್ಲಿದ್ದದ್ದು. ಅಷ್ಟರಲ್ಲಿ ಸಲಿಂಗಿಗಳನ್ನು ಕೆಲಸದಿಂದ, ಬಾಡಿಗೆ ಮನೆಯಿಂದ ಹೊರಹಾಕುವುದನ್ನು ತಡೆಯುವ ನಗರ ಶಾಸನ ತಂದರು. ನಾಯಿ ಸಾಕಿದವರೇ ಬೀದಿಯಲ್ಲಿನ ಅದರ ಹೊಲಸು ಎತ್ತಬೇಕೆಂಬ ಕಾನೂನನ್ನೂ ತಂದರು. ಅದಕ್ಕೂ ಮೊದಲು, ಬಿಯರ್ ಕಂಪನಿಯೊಂದರ ವಿರುದ್ಧ ಲಾರಿ ಕಾರ್ಮಿಕರ ಸಂಘ ಬಹಿಷ್ಕಾರ ಹೂಡಿದಾಗ ಸಲಿಂಗಿಗಳ ಬಾರುಗಳನ್ನು ಸಂಘದ ಜೊತೆ ನಿಲ್ಲಿಸಿದ್ದರು. ಬದಲಿಗೆ ತಮ್ಮವರಿಗೂ ಲಾರಿ ಕೆಲಸ ಕೊಡಿ ಎಂದು ಸಂಘವನ್ನು ಕೇಳಿದ್ದರು. ಹೀಗೆ ಒಬ್ಬರ ಕಷ್ಟವನ್ನು ಇನ್ನೊಬ್ಬರ ಕಷ್ಟಕ್ಕೆ ಹೊಲಿಯುವ ಜಾಣತನವನ್ನು ನಾನು ಬಹಳ ಕಡಿಮೆ ರಾಜಕಾರಣಿಗಳಲ್ಲಿ ಕಂಡಿದ್ದೇನೆ.

ಅಹಿಂಸೆ ಅವರಿಗೆ ಭಾಷಣದ ವಿಷಯವಾಗಿರಲಿಲ್ಲ, ರಾತ್ರಿ ಹೊತ್ತು ಮಾಡಬೇಕಾದ ಕೆಲಸವಾಗಿತ್ತು. 1977ರ ಜೂನ್ 7ರಂದು ಫ್ಲೋರಿಡಾದ ಡೇಡ್ ಕೌಂಟಿಯಲ್ಲಿ ಸಲಿಂಗಿಗಳ ಹಕ್ಕಿನ ಶಾಸನವನ್ನು ಮತದಾರರು ರದ್ದು ಮಾಡಿದ ಸುದ್ದಿ ಬಂದಾಗ ಕ್ಯಾಸ್ಟ್ರೊ ಬೀದಿ ಕುದಿಯಿತು. ಮಿಲ್ಕ್ ಧ್ವನಿವರ್ಧಕ ಹಿಡಿದು ಗುಂಪಿನ ಮುಂದೆ ನಿಂತು, ಅವರನ್ನು ಮೈಲಿಗಟ್ಟಲೆ ಊರು ಸುತ್ತಿಸಿದರು. ಕಾಲು ಸೋತಾಗ ಕೈ ಕಲ್ಲು ಹುಡುಕುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಗೆದ್ದ ಹತ್ತೇ ದಿನಕ್ಕೆ, ತಾನು ಕೊಲೆಯಾದರೆ ಕೇಳಿಸಬೇಕೆಂದು ಒಂದು ಧ್ವನಿಮುದ್ರಣ ಮಾಡಿಟ್ಟರು. ನನ್ನ ಸಾವಿನ ಸಿಟ್ಟನ್ನು ಗಲಭೆಗೆ ಸುರಿಯದೆ ಚಳವಳಿಗೆ ತಿರುಗಿಸಿ ಎಂಬುದು ಅದರ ತಾತ್ಪರ್ಯ.

1978ರ ನವೆಂಬರ್ 27ರಂದು ಅವರು ಹೆದರಿದಂತೆಯೇ ಆಯಿತು. ಮಂಡಳಿಗೆ ರಾಜೀನಾಮೆ ಕೊಟ್ಟು, ಮತ್ತೆ ಕುರ್ಚಿ ಬೇಕೆಂದು ಹಟ ಹಿಡಿದಿದ್ದ ಡ್ಯಾನ್ ವೈಟ್ ಎಂಬ ಮಾಜಿ ಪೊಲೀಸ್, ತಪಾಸಣೆ ತಪ್ಪಿಸಿಕೊಳ್ಳಲು ನೆಲಮಾಳಿಗೆಯ ಕಿಟಕಿಯಿಂದ ನಗರಸಭೆಯ ಕಟ್ಟಡ ಹೊಕ್ಕ. ಮೇಯರ್ ಜಾರ್ಜ್ ಮಾಸ್ಕೋನಿಗೆ ಗುಂಡಿಕ್ಕಿ, ಪಿಸ್ತೂಲು ಮತ್ತೆ ತುಂಬಿಕೊಂಡು ಹೋಗಿ ಮಿಲ್ಕ್ ಅವರನ್ನೂ ಕೊಂದ. ಆ ರಾತ್ರಿ ಹತ್ತಾರು ಸಾವಿರ ಜನ ಮೇಣದಬತ್ತಿ ಹಿಡಿದು ಸದ್ದಿಲ್ಲದೆ ನಡೆದರು. ಮರುವರ್ಷ ಮೇ 21ರಂದು ಜ್ಯೂರಿ ಇದು ಪೂರ್ವಯೋಜಿತ ಕೊಲೆಯಲ್ಲವೆಂದು, ಹೆಚ್ಚೆಂದರೆ ಏಳು ವರ್ಷ ಎಂಟು ತಿಂಗಳ ಶಿಕ್ಷೆಯಷ್ಟೇ ಬೀಳುವ ತೀರ್ಪು ಕೊಟ್ಟಾಗ ಮಾತ್ರ ಜನರ ತಾಳ್ಮೆ ಒಡೆಯಿತು, ಪೊಲೀಸ್ ವಾಹನಗಳಿಗೆ ಬೆಂಕಿ ಬಿತ್ತು. ಮರುದಿನ ಮೇ 22, ಮಿಲ್ಕ್ ಅವರ ಹುಟ್ಟುಹಬ್ಬ. ಅದೇ ಕ್ಯಾಸ್ಟ್ರೊ ಬೀದಿಯಲ್ಲಿ ಸಾವಿರಾರು ಜನ ಸೇರಿ ಶಾಂತವಾಗಿ ಹಾಡಿ ಕುಣಿದು ಆ ದಿನ ಆಚರಿಸಿದರು. ವಕೀಲನಾಗಿ ಆ ತೀರ್ಪನ್ನು ನಾನು ಕ್ಷಮಿಸಲಾರೆ. ಮರುದಿನ ಆ ಜನ ನಡೆದುಕೊಂಡ ರೀತಿಗೆ ತಲೆ ಬಾಗುತ್ತೇನೆ.

ಬಂದೂಕಿನ ಮಾತು ನಮ್ಮ ಜಿಲ್ಲೆಗೂ ಹೊಸದಲ್ಲ. ಎಂಬತ್ತು, ತೊಂಬತ್ತರ ದಶಕದಲ್ಲಿ ರಾಯಚೂರು ಸೀಮೆಯ ಎಷ್ಟೋ ಓದಿದ ಹುಡುಗರು ನಕ್ಸಲ್ ಹಾದಿ ಹಿಡಿದರು. ಅವರ ಸಿಟ್ಟಿಗೆ ಕಾರಣವಿತ್ತು. ಬೀಳುಬಿದ್ದ ಹೊಲ, ಗುಳೆ ಹೋಗುವ ತಾಂಡಾ, ಕೂಲಿಗೆ ಕೈಯೊಡ್ಡುವ ಕೇರಿಯನ್ನು ನಾವೂ ನೋಡಿದ್ದೆವು. ಆ ಹಾದಿಯಿಂದ ಹಿಂದಕ್ಕೆ ಬರುವವರಿಗೆ ಬಾಗಿಲು ತೆರೆಸಲು ದುಡಿದವರಲ್ಲಿ ಗೌರಿ ಲಂಕೇಶ್ ಒಬ್ಬರು. 2014ರ ಡಿಸೆಂಬರಿನಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಮುಖ್ಯವಾಹಿನಿಗೆ ಬಂದದ್ದರಲ್ಲಿ ಅವರ ಪಾತ್ರವಿತ್ತು. ಗೌರಿ ಚುನಾವಣೆಗೆ ನಿಂತವರಲ್ಲ, ಪತ್ರಕರ್ತೆ. ಆದರೂ ಮಿಲ್ಕ್ ಅವರನ್ನು ನೆನೆದಾಗಲೆಲ್ಲ ನನಗೆ ಅವರು ನೆನಪಾಗುತ್ತಾರೆ. ಲೈಂಗಿಕ ಅಲ್ಪಸಂಖ್ಯಾತರ ಪರ ಅಳುಕಿಲ್ಲದೆ ನಿಂತರು, ಆಯುಧ ಕೆಳಗಿಡಿ ಎಂದು ಕೇಳಿದರು, 2017ರ ಸೆಪ್ಟೆಂಬರ್ 5ರಂದು ತಮ್ಮ ಮನೆಯ ಮುಂದೆಯೇ ಗುಂಡಿಗೆ ಬಲಿಯಾದರು.

ಇತ್ತ ಕಾನೂನು ಆಮೆಯ ಹೆಜ್ಜೆ ಇಟ್ಟಿತು, ಕೆಲವೊಮ್ಮೆ ಹಿಂದಕ್ಕೂ ಇಟ್ಟಿತು. ನಿಜಾಮರ ರಿಜಿಸ್ಟರು ಹಳೆಯ ಕಥೆ ಅಂದುಕೊಂಡಿದ್ದೆವು. 2011ರಲ್ಲಿ ಕರ್ನಾಟಕವೇ ತನ್ನ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿಸಿ, ಹಿಜ್ರಾಗಳ ಹೆಸರು ಬರೆದಿಟ್ಟು ಅವರ ಮೇಲೆ ಕಣ್ಣಿಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಆ ಕಲಮು ಓದಿದ ದಿನ ನನ್ನ ಗುರುಗಳು ಬದುಕಿದ್ದರೆ ಏನೆನ್ನುತ್ತಿದ್ದರೋ. ಸಮುದಾಯದವರೇ ಹೈಕೋರ್ಟಿಗೆ ಹೋದ ಮೇಲೆ ಸರ್ಕಾರ ಅದನ್ನು ತಿದ್ದಿತು. 2013ರಲ್ಲಿ ಸುಪ್ರೀಂ ಕೋರ್ಟ್ 377ಕ್ಕೆ ಮತ್ತೆ ಜೀವ ಕೊಟ್ಟಿತು, 2018ರ ಸೆಪ್ಟೆಂಬರ್ 6ರಂದು ಆ ತಪ್ಪನ್ನು ತಾನೇ ಸರಿಪಡಿಸಿಕೊಂಡಿತು. ಫಸಲಿ 1329ರ ಕಾಯ್ದೆ ಮಾತ್ರ ತೆಲಂಗಾಣದ ಕಡತದಲ್ಲಿ ಉಸಿರಾಡುತ್ತಲೇ ಇತ್ತು. ಅಲ್ಲಿನ ಹೈಕೋರ್ಟ್ ಅದನ್ನು ಅಸಂವಿಧಾನಿಕವೆಂದು ಹೊಡೆದುಹಾಕಿದ್ದು 2023ರ ಜುಲೈನಲ್ಲಿ. ನೂರಾ ಮೂರು ವರ್ಷ ದಾಟಿತ್ತು ಅದಕ್ಕೆ.

ಮಿಲ್ಕ್ ಅವರ ಕೊನೆಯ ದೊಡ್ಡ ಹೋರಾಟ ಶಿಕ್ಷಕರದು. ಸಲಿಂಗಿಗಳನ್ನೂ ಅವರ ಪರ ಮಾತಾಡುವವರನ್ನೂ ಸರ್ಕಾರಿ ಶಾಲೆಗಳಿಂದ ತೆಗೆಯಬೇಕೆಂಬ ಪ್ರಸ್ತಾವ ಕ್ಯಾಲಿಫೋರ್ನಿಯಾದಲ್ಲಿ ಜನಮತಕ್ಕೆ ಬಂದಿತ್ತು. ಮಿಲ್ಕ್ ಊರೂರು ತಿರುಗಿದರು. ನಿಮ್ಮ ಮನೆಯವರಿಗೆ, ನೆರೆಯವರಿಗೆ, ಜೊತೆ ಕೆಲಸ ಮಾಡುವವರಿಗೆ ನೀವು ಯಾರೆಂದು ಹೇಳಿ, ಕಣ್ಣೆದುರಿನ ಮನುಷ್ಯನ ವಿರುದ್ಧ ಮತ ಹಾಕುವುದು ಕಷ್ಟ ಎಂಬುದು ಅವರ ವಾದ. 1978ರ ನವೆಂಬರ್ 7ರಂದು ಆ ಪ್ರಸ್ತಾವ ಬಿದ್ದುಹೋಯಿತು. ಅವರು ಸತ್ತದ್ದು ಅದಾಗಿ ಇಪ್ಪತ್ತು ದಿನಕ್ಕೆ. ಇತ್ತ ನಮ್ಮಲ್ಲಿ, ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರ ಮೀಸಲಾತಿ ತಂದ ಮೇಲೆ, 2022ರ 15,000 ಶಿಕ್ಷಕರ ನೇಮಕಾತಿಯಲ್ಲಿ ಆಯ್ಕೆಯಾದವರಲ್ಲಿ ಮಾನ್ವಿ ತಾಲ್ಲೂಕಿನ ನೀರಮಾನ್ವಿಯ ಟ್ರಾನ್ಸ್ ಮಹಿಳೆಯೊಬ್ಬರಿದ್ದರು. ಆ ಸುದ್ದಿ ಓದಿದ ಬೆಳಿಗ್ಗೆ ನನ್ನ ಕಣ್ಣು ತುಂಬಿತ್ತು. ಕೋರ್ಟಿನಲ್ಲಿ ಸಿಕ್ಕಸಿಕ್ಕವರಿಗೆ ಹೇಳಿದೆ.

ಶಾಲೆಯ ಬಾಗಿಲು ತೆರೆಯಿತು. ಪುರಸಭೆಯದು ಬಾಕಿಯಿದೆ. ಮಧ್ಯಪ್ರದೇಶದ ಕಟನಿಯಲ್ಲಿ ಮೇಯರ್ ಆಗಿ ಗೆದ್ದ ಹಿಜ್ರಾ ಸಮುದಾಯದ ಕಮಲಾ ಜಾನ್ ಅವರ ಆಯ್ಕೆಯನ್ನು, ಮಹಿಳಾ ಮೀಸಲು ಸ್ಥಾನಕ್ಕೆ ನಿಂತವರು ಗಂಡಸು ಎಂದು ಹೇಳಿ ನ್ಯಾಯಾಲಯ ರದ್ದು ಮಾಡಿತು. 2015ರಲ್ಲಿ ಛತ್ತೀಸಗಢದ ರಾಯಗಢದಲ್ಲಿ ಅದೇ ಸಮುದಾಯದ ಮಧು ಕಿನ್ನರ್ ಪಕ್ಷೇತರರಾಗಿ ಮೇಯರ್ ಪಟ್ಟ ಗೆದ್ದರು. ನಮ್ಮಲ್ಲಿ ಪೌರಸಂಸ್ಥೆಗಳಿಗೆ ಸರ್ಕಾರ ಐವರವರೆಗೆ ಸದಸ್ಯರನ್ನು ನಾಮಕರಣ ಮಾಡಬಹುದು. ಅವರಿಗೆ ಮತದ ಹಕ್ಕಿಲ್ಲ, ಮಾತಿನ ಹಕ್ಕಿದೆ. ಪ್ರತಿ ಸಲ ಆ ಜಾಗಗಳು ಪಕ್ಷದ ಕಾರ್ಯಕರ್ತರಿಗೆ ಹೋಗುತ್ತವೆ. ರಾಯಚೂರು, ಮಾನ್ವಿ, ದೇವದುರ್ಗ ಮೂರರಲ್ಲೂ ಆ ಐದರಲ್ಲಿ ಒಂದನ್ನು ಜೋಗಪ್ಪ ಅಥವಾ ಟ್ರಾನ್ಸ್ ಸಮುದಾಯದವರಿಗೆ ಕೊಡಿ ಎಂಬುದು ನನ್ನ ಕೇಳಿಕೆ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಆದೇಶ ಸಾಕು. ನೀರಿನ ಪೈಪು, ಆಶ್ರಯ ಮನೆ, ಸಾರ್ವಜನಿಕ ಶೌಚಾಲಯದ ಚರ್ಚೆ ಬಂದಾಗ ಆ ಕುರ್ಚಿಯಲ್ಲಿ ಕೂತವರು ಎದ್ದು ಮಾತಾಡಲಿ. ಮುಂದಿನ ಚುನಾವಣೆಯಲ್ಲಿ ತಮ್ಮದೇ ಓಣಿಯಿಂದ ನಿಲ್ಲಲಿ.