ಸೆರೆಮನೆ ಅಂಚೆ: ಕಾಣಕೋಣ ಮತ್ತು ಗೋವೆ

ಸೆರೆಯಲ್ಲಿರುವವರಿಗೆ ಹೊರಗಿನವರು ಬರೆಯುವ, ಅವರು ಹೊರಗಿನವರಿಗೆ ಬರೆಯುವ ಕಾಗದಗಳ ವ್ಯವಹಾರ. ಇಬ್ಬರ ನಡುವಿನ ಪತ್ರಕ್ಕೆ ಇಲ್ಲಿ ಮೂರನೆಯ ಓದುಗನೊಬ್ಬ ಇದ್ದೇ ಇರುತ್ತಾನೆ. ಗೋವೆಯಲ್ಲಿ ಇದರ ಚರಿತ್ರೆ ದಕ್ಷಿಣದ ತುದಿಯ ಕಾಣಕೋಣದಿಂದ ಪೋರ್ಚುಗಲ್‌ವರೆಗೆ ಚಾಚಿದೆ.

ಕಾಣಕೋಣ ತಾಲ್ಲೂಕಿನ ಕಾಬೊ ದ ರಾಮ ಕೋಟೆ, ಸ್ಥಳೀಯರ ಖೋಲಗಡ, 1763ರಲ್ಲಿ ಸೋಂದೆ ಅರಸರ ಕೈತಪ್ಪಿ ಪೋರ್ಚುಗೀಸರದಾಯಿತು. ಮುಂದೆ ಅದರೊಳಗೆ ಸರ್ಕಾರಿ ಸೆರೆಮನೆ ನಡೆದು, 1955ರವರೆಗೂ ಇತ್ತು. ಇದೇ ತಾಲ್ಲೂಕಿನ ಪೊಳೆಂ ದಾಟಿದರೆ ಕಾರವಾರದ ಮಾಜಾಳಿ. ಕೂಗಳತೆಯ ಆ ಎರಡು ಊರುಗಳ ನಡುವೆ ಆಗ ದೇಶದ ಗಡಿ. ಮಾತು, ನಂಟಸ್ತಿಕೆ ಎಲ್ಲ ಒಂದೇ ಆದರೂ ಅಂಚೆಚೀಟಿ ಬೇರೆ. 1959ರಿಂದ ಗೋವೆಯ ಚೀಟಿಗಳ ಬೆಲೆ ಎಸ್ಕುದೊ ಲೆಕ್ಕದಲ್ಲಿ ಅಚ್ಚಾಗತೊಡಗಿತು.

ರಾಮಮನೋಹರ ಲೋಹಿಯಾ 1946ರ ಜೂನ್ 18ರಂದು ಮಡಗಾಂವಿನಲ್ಲಿ ಪೋರ್ಚುಗೀಸ್ ಆಳ್ವಿಕೆಯ ವಿರುದ್ಧ ಸಭೆ ನಡೆಸಿದ ಮೇಲೆ ರಾಜಕೀಯ ಕೈದಿಗಳು ಹೆಚ್ಚಿದರು. ಟಿ.ಬಿ. ಕುನ್ಹಾ ಅವರನ್ನು ಪೋರ್ಚುಗಲ್ಲಿನ ಪೆನಿಶ್ ಕೋಟೆಗೆ ಸಾಗಿಸಲಾಯಿತು. 1955ರ ಸತ್ಯಾಗ್ರಹದಲ್ಲಿ ಸಿಕ್ಕಿಬಿದ್ದ ನರಗುಂದದ ಜಗನ್ನಾಥರಾವ್ ಜೋಶಿ ಅಗ್ವಾದ ಕೋಟೆಯ ಜೈಲು ಸೇರಿದರು. ಮಧು ಲಿಮಯೆ ಅವರಿಗೆ 12 ವರ್ಷದ ಶಿಕ್ಷೆಯಾಗಿ, 1957ರಲ್ಲಿ ಬಿಡುಗಡೆ ಸಿಕ್ಕಿತು. ಎಲ್ಲಕ್ಕಿಂತ ವಿಚಿತ್ರವಾದದ್ದು ಮೋಹನ ರಾನಡೆ ಅವರ ಪಾಡು. 1961ರ ಡಿಸೆಂಬರ್ 19ರಂದು ಗೋವೆ ಸ್ವತಂತ್ರವಾಯಿತು. ಅದಕ್ಕಾಗಿ ಹೋರಾಡಿದ ರಾನಡೆ ಮಾತ್ರ 1969ರ ಜನವರಿಯವರೆಗೆ ಲಿಸ್ಬನ್ ಬಳಿಯ ಕಶೀಯಸ್ ಸೆರೆಯಲ್ಲೇ ಉಳಿದರು. ಮಾಜಾಳಿಯ ಕಾಗದ ಪೊಳೆಂಗೆ ದೇಶದೊಳಗಿನ ಅಂಚೆಯಾಗಿ ಬರತೊಡಗಿದ ಆ ವರ್ಷಗಳಲ್ಲೂ ಅವರಿದ್ದ ವಿಳಾಸ ಪರದೇಶದ್ದೇ.

ಭಾರತದಲ್ಲಿ 1894ರ ಬಂದೀಖಾನೆ ಕಾಯಿದೆಯ ಕೆಳಗೆ ರೂಪುಗೊಂಡ ನಿಯಮಗಳು ಪತ್ರ ತೆರೆದು ಓದುವ ಅಧಿಕಾರವನ್ನು ಜೈಲಿನವರಿಗೆ ಕೊಟ್ಟವು. ಆದರೂ ಪತ್ರಕ್ಕೆ ತನ್ನದೇ ಬಲವಿತ್ತು. ಗಾಂಧೀಜಿ 1930ರಲ್ಲಿ ಯೆರವಡಾ ಜೈಲಿನಿಂದ ಆಶ್ರಮಕ್ಕೆ ವಾರವಾರ ಬರೆದ ಕಾಗದಗಳೇ ಪುಸ್ತಕವಾದವು. ತುರ್ತುಪರಿಸ್ಥಿತಿಯಲ್ಲಿ ಸಮಾಜವಾದಿ ನಾಯಕ ಮಧು ದಂಡವತೆ ಬೆಂಗಳೂರು ಸೆರೆಮನೆಯಲ್ಲಿ, ಪತ್ನಿ ಪ್ರಮೀಳಾ ಯೆರವಡಾದಲ್ಲಿ. ಪತ್ರ ಹೊರಡುವುದೂ ಜೈಲಿನಿಂದ, ಮುಟ್ಟುವುದೂ ಜೈಲಿಗೆ. ಮುಂಬಯಿಯಲ್ಲಿ ಬಂಧನದಲ್ಲಿದ್ದ ಪ್ರಭಾಕರ ಸಂಝಗಿರಿ ತಾವು ಮರಾಠಿಯಲ್ಲಿ ಬರೆದ ವಿಜ್ಞಾನ ಪುಸ್ತಕದ ಹಸ್ತಪ್ರತಿಯನ್ನು ಹೆಂಡತಿಗೆ ಕಳಿಸಲು ಸುಪ್ರೀಂ ಕೋರ್ಟಿನವರೆಗೆ ಹೋಗಿ 1965ರಲ್ಲಿ ಗೆದ್ದರು. ತಿಹಾರದ ಕೈದಿ ಸುನಿಲ್ ಬಾತ್ರಾ ಸಹಕೈದಿಯೊಬ್ಬನಿಗಾದ ಹಿಂಸೆಯನ್ನು ತಿಳಿಸಿ ಬರೆದ ಕಾಗದವನ್ನಂತೂ ಅದೇ ನ್ಯಾಯಾಲಯ ಅರ್ಜಿಯೆಂದೇ ಎತ್ತಿಕೊಂಡಿತು.

ಅಗ್ವಾದದ ಜೈಲು 2015ರಲ್ಲಿ ಖಾಲಿಯಾಗಿ ಕೈದಿಗಳು ಬಾರ್ದೇಸದ ಕೊಲ್ವಾಳೆಗೆ ಹೋದರು. ಕಾಣಕೋಣದ ಚಾವಡಿಯಲ್ಲಿ ಡಬ್ಬಿಗೆ ಹಾಕಿದ ಕಾಗದ ಈಗ ಹೆಚ್ಚುಕಡಿಮೆ ಇಡೀ ಗೋವೆಯನ್ನು ಹಾದು ಅಲ್ಲಿಗೆ ಮುಟ್ಟಬೇಕು. ಫೋನು, ವಿಡಿಯೊ ಮುಲಾಖಾತು ಬಂದು ಪತ್ರ ಕಡಿಮೆಯಾಗಿದೆ. ಬರೆಯುವವರು ವಿಳಾಸದಲ್ಲಿ ಕೈದಿಯ ಹೆಸರಿನ ಜೊತೆ ತಂದೆಯ ಹೆಸರು, ಕೈದಿ ನಂಬರು ಹಾಕುವುದು ಒಳ್ಳೆಯದು. ಒಂದೇ ಹೆಸರಿನವರು ಒಳಗೆ ಇಬ್ಬರು ಮೂವರು ಇರಬಹುದು. ಲಕೋಟೆಗಿಂತ ನೀಲಿ ಇನ್‌ಲ್ಯಾಂಡ್ ಅನುಕೂಲ: ಒಂದೇ ಹಾಳೆ, ಬಿಡಿಸಿದರೆ ಎಲ್ಲ ಕಣ್ಣೆದುರಿಗೆ. ಒಳಗೆ ಏನನ್ನೂ ಇಡಕೂಡದು ಎಂಬ ಅಂಚೆ ಇಲಾಖೆಯ ಸೂಚನೆಯಂತೂ ಜೈಲಿಗೆಂದೇ ಬರೆದ ಹಾಗಿದೆ.